ಒಂದೇ ಪಂಕ್ತಿಯ ರೇಡಿಯೊ

ಬುಧವಾರ ಬೆಳಗ್ಗೆ ಒಂಬತ್ತೂವರೆಗೆ ಪ್ರೊಫೆಸರ್ ರವಿಚಂದ್ರ ಠಾಣೆಗೆ ಓಡಿಬಂದಾಗ ಅವರ ಅಂಗಿಯ ಗುಂಡಿಗಳು ಮೇಲಿನದು ಕೆಳಗೆ, ಕೆಳಗಿನದು ಮೇಲೆ ಬಿದ್ದಿದ್ದವು. ಭಾರತೀನಗರದ ಹೊರಗಿರುವ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಿಂದ ಡಿಜಿಟಲ್ ರೇಡಿಯೊ ಹಿಡಿಯುವ ಬೋರ್ಡೊಂದು ಕಳುವಾಗಿದೆ, ಕೊನೆಯ ವರ್ಷದ ರಂಜಿತ ಮಾಡಿದ್ದು, ನಾಳೆಯೇ ಮಂಡ್ಯದಲ್ಲಿ ಪ್ರದರ್ಶನ ಎಂದು ಒಂದೇ ಉಸಿರಿಗೆ ಹೇಳಿದರು. ಸಬ್ ಇನ್‌ಸ್ಪೆಕ್ಟರ್ ಚಲುವನಾರಾಯಣ ಎಫ್‌ಐಆರ್ ಹಾಕಿಸಿ, ಕಾನ್‌ಸ್ಟೆಬಲ್ ಕವಿತಳನ್ನು ಕರೆದುಕೊಂಡು ಜೀಪು ಹತ್ತಿದ.

ಪಂಚನಾಮೆಯಲ್ಲಿ ಸಿಕ್ಕಿದ್ದು ಸ್ವಲ್ಪವೇ. ಬೀಗ ಮುರಿದಿಲ್ಲ, ಕಿಟಕಿಯ ಸರಳು ಅಲ್ಲಾಡಿಲ್ಲ. ಬೋರ್ಡಿಗೆ ಕರೆಂಟು ಕೊಡುವ ವೈರನ್ನು ಮಾತ್ರ ಯಾರೋ ಅಚ್ಚುಕಟ್ಟಾಗಿ ಸುತ್ತಿ ಗಂಟು ಹಾಕಿಟ್ಟಿದ್ದರು. ಹಾಗೆ ಸುತ್ತಿಡಿ ಎಂದು ವಿದ್ಯಾರ್ಥಿಗಳ ಬೆನ್ನು ಹತ್ತಿ ಬಯ್ಯುವವನು ಅಟೆಂಡರ್ ಮರಿಸಿದ್ದಯ್ಯ. ಬೀಗದಕೈಯೂ ಅವನ ಸೊಂಟದಲ್ಲೇ. ಪೊಲೀಸರಿಗೆ ಇಷ್ಟು ಸಿಕ್ಕರೆ ಕೇಳಬೇಕೇ, ಅರ್ಧ ಕೇಸು ಮುಗಿದ ಹಾಗೆ!

"ನಿನ್ನೆ ಬೀಗ ಹಾಕಿದ್ದು ಯಾರು?"

"ನಾನೇ ಸಾ. ರಂಜಿತಮ್ಮ ಈಚ್ಗೆ ಬಂದ್ಮೇಲೆ."

"ಒಳಗೆ ನೋಡಿದೆಯಾ?"

"ಇಲ್ಲ ಸಾ. ಸಂಜೆ ಆ ರೇಡಿಯೋದಲ್ಲಿ ಪದ ನುಂಗ್ಕಂಡ್ ನುಂಗ್ಕಂಡ್ ಬತ್ತಿತ್ತು, ಆಮ್ಯಾಕೆ..."

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಪದಗಿದ ಎಲ್ಲ ಬೇಡ. ಬೀಗದಕೈ ತೆಗಿ ಇಲ್ಲಿ."

ಐವತ್ತೇಳರ ಆ ಮನುಷ್ಯನನ್ನು ಗೇಟಿನವರೆಗೆ ನಡೆಸಿಕೊಂಡು ಹೋಗಿ ಜೀಪಿನ ಹಿಂದೆ ಕೂರಿಸಿದರು. ಕಾಲೇಜಿಗೆ ಕಾಲೇಜೇ ನಿಂತು ನೋಡಿತು. ಕೆಲವರು ಮೊಬೈಲು ಎತ್ತಿ ಹಿಡಿದರು. ರಂಜಿತ ಕಂಬಕ್ಕೆ ಒರಗಿ ದುಪಟ್ಟಾದ ಅಂಚು ಕಚ್ಚಿಕೊಂಡು ನಿಂತಿದ್ದಳು. ಪಾಪ, ಮಾಡಿದ್ದು ಕಳಕೊಂಡ ಸಂಕಟ ಎಂದು ಚಲುವನಾರಾಯಣ ಮರುಗಿದ.

ಠಾಣೆಯ ಬೆಂಚಿನ ಮೇಲೆ ಮರಿಸಿದ್ದಯ್ಯ ಮಧ್ಯಾಹ್ನದವರೆಗೆ "ನಾನ್ ತಗಂಡಿಲ್ಲ ಸಾ" ಎಂಬ ಒಂದೇ ಮಾತು ಹೇಳಿದ. ಕೇಳಿ ಕೇಳಿ ಸಾಕಾಗಿ, ರಂಜಿತಳ ಹೇಳಿಕೆಯನ್ನಾದರೂ ಪಡೆಯೋಣ ಎಂದು ಚಲುವನಾರಾಯಣ ಕವಿತಳೊಂದಿಗೆ ಅವಳ ಊರಾದ ಕೊಪ್ಪಕ್ಕೆ ಹೊರಟ.

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲೇ ರಂಜಿತಳ ಫೋಟೊ ಇರುವ ಫ್ಲೆಕ್ಸು. ಹಾಕಿಸಿದ್ದು ಅವಳಪ್ಪ ಶಿವಣ್ಣ. ಮನೆ ಮುಟ್ಟಿದಾಗ ಅವನು ಕುರ್ಚಿ ಹಾಕಿ, ಕಾಫಿ ತರಿಸಿ, "ಆ ಕಳ್ನನ್ಮಗನ್ನ ಮಾತ್ರ ಬುಡ್ಬೇಡಿ ಸಾ" ಎಂದ.

"ಅದರಲ್ಲಿ ಅಂಥದ್ದೇನಿತ್ತಮ್ಮ?" ಚಲುವನಾರಾಯಣ ಕೇಳಿದ.

ಅಷ್ಟು ಹೊತ್ತು ನೆಲ ನೋಡುತ್ತಿದ್ದ ಹುಡುಗಿ ಈ ಪ್ರಶ್ನೆಗೆ ತಲೆಯೆತ್ತಿದಳು. "ಈ ರೇಡಿಯೊ ಒಂದೇ ಅಲೆ ಮೇಲೆ ಬರಲ್ಲ ಸಾರ್, ನೂರಾರು ಅಲೆಗಳ ಮೇಲೆ ಬರುತ್ತೆ. ಕಳಿಸೋವಾಗಲೇ ದತ್ತಾಂಶನ ಕಲಸಿ ಚದುರಿಸಿರ್ತಾರೆ. ಸಿಡಿಲು ಹೊಡೆದು ಒಂದು ಕಡೆ ಕೆಟ್ಟರೂ ನಷ್ಟ ಹಂಚಿಹೋಗುತ್ತೆ, ಸರಿಮಾಡ್ಕೋಬಹುದು. ಈ ಕಡೆ ಮತ್ತೆ ಸಾಲಾಗಿ ಜೋಡಿಸೋವರೆಗೂ ಎಲ್ಲಾದರೂ ಇಟ್ಕೋಬೇಕಲ್ಲ? ಅದಕ್ಕೆ ಎರಡು ಮೆಮೊರಿ ಇಡ್ತಾರೆ, ಒಂದು ತುಂಬೋಕೆ, ಒಂದು ಖಾಲಿ ಮಾಡೋಕೆ. ನಾನು ಒಂದರಲ್ಲೇ ಮಾಡಿದೆ. ಬೀಗರೂಟದಲ್ಲಿ ಉಣ್ಣೋರ ಕುರ್ಚಿ ಹಿಂದೆ ಜನ ಕಾಯ್ಕೊಂಡು ನಿಂತಿರ್ತಾರಲ್ಲ, ಒಬ್ಬರು ಎದ್ದ ತಕ್ಷಣ ಅದೇ ಜಾಗಕ್ಕೆ ಇನ್ನೊಬ್ಬರು. ಪಂಕ್ತಿ ಒಂದೇ ಸಾಕು."

"ಉಣ್ಣೋರು ಏಳೋಕ್ ಮುಂಚೇನೇ ಕೂತ್ಬುಟ್ರೆ? ತೊಡೆ ಮ್ಯಾಲೇ ಕೂರ್ಬೇಕಾಯ್ತದೆ!" ಎಂದು ಕವಿತ ನಕ್ಕಳು. ಶಿವಣ್ಣನೂ ನಕ್ಕ. ರಂಜಿತ ನಗಲಿಲ್ಲ.

"ನಿನ್ನೆ ಸಂಜೆ ಚೆನ್ನಾಗಿ ಹಾಡ್ತಾ?"

"ಹೂಂ ಸಾರ್. ಪೂರಿಗಾಲಿ ಊರಿನ ಅಜ್ಜಿಯೊಬ್ಬರು ಹಾಡಿದ ಸೋಬಾನೆ ಪದ ಹಾಕಿದ್ದೆ. ಮೊದಲಿಂದ ಕೊನೆವರೆಗೂ ಒಂದಕ್ಷರ ತಪ್ಪಲಿಲ್ಲ."

ನುಂಗ್ಕಂಡ್ ನುಂಗ್ಕಂಡ್ ಬತ್ತಿತ್ತು. ಬೆಳಗ್ಗೆ ತಾನೇ ಬಾಯಿ ಮುಚ್ಚಿಸಿದ್ದ ಮಾತು ಚಲುವನಾರಾಯಣನ ಕಿವಿಗೆ ಈಗ ಬಿತ್ತು. ಕಾಫಿ ಲೋಟ ಕೆಳಗಿಟ್ಟ.

"ಮರಿಸಿದ್ದಯ್ಯ ಬೇರೆ ಥರ ಹೇಳಿದನಲ್ಲಮ್ಮ."

ರಂಜಿತ ಮತ್ತೆ ನೆಲ ನೋಡಿದಳು.

"ಬೆಳಗ್ಗೆಯಿಂದ ಠಾಣೆ ಬೆಂಚಿನ ಮೇಲೇ ಕೂತಿದಾನೆ."

"ಅವ್ರು ಊಟ ಮಾಡಿದ್ರಾ ಸಾರ್?" ಎಂದು ಕೇಳಿದವಳೇ ರಂಜಿತ ಬಿಕ್ಕಿಬಿಕ್ಕಿ ಅಳತೊಡಗಿದಳು. ಊಟ ಕೊಡಬೇಕೆಂದು ಚಲುವನಾರಾಯಣನಿಗೆ ತೋಚಿಯೇ ಇರಲಿಲ್ಲ.

ಬೋರ್ಡು ಅವಳ ಸ್ಕೂಟಿಯ ಸೀಟಿನಡಿ, ಟವೆಲಿನಲ್ಲಿ ಸುತ್ತಿಕೊಂಡು ಬೆಚ್ಚಗೆ ಕೂತಿತ್ತು. ಪಕ್ಕದ ಮನೆಯ ಇಬ್ಬರನ್ನು ಪಂಚರನ್ನಾಗಿ ಕರೆದು, ಸಂಜೆ ನಾಲ್ಕೂಕಾಲಿಗೆ ಅದನ್ನು ಜಪ್ತಿ ಮಾಡಿದರು.

"ದತ್ತಾಂಶ ಜಾಸ್ತಿ ಬಂದಾಗ ಹಳೇದು ಏಳೋ ಮುಂಚೆ ಹೊಸದು ಕೂತ್ಬಿಡುತ್ತೆ ಸಾರ್," ಎಂದಳು ರಂಜಿತ. "ನಿನ್ನೆ ಸಂಜೇನೇ ಗೊತ್ತಾಗಿದ್ದು. ಅಷ್ಟೊತ್ತಿಗೆ ಅಪ್ಪ ಫ್ಲೆಕ್ಸ್ ಹಾಕ್ಸಿದ್ರು, ಊರವರೆಲ್ಲ ಮಂಡ್ಯಕ್ಕೆ ಬರ್ತೀವಿ ಅಂದಿದ್ರು. ಕಳುವಾಯ್ತು ಅಂದ್ರೆ, ಚೆನ್ನಾಗೇ ಇತ್ತು ಅಂದ್ಕೋತಾರೆ ಅಂತ ಬೀಗ ಹಾಕೋ ಮುಂಚೇನೇ ಬ್ಯಾಗಿಗೆ ಹಾಕ್ಕೊಂಡೆ. ವೈರ್ ಮಾತ್ರ ಮರಿಸಿದ್ದಯ್ಯನೋರು ಹೇಳಿಕೊಟ್ಟ ಹಾಗೇ ಸುತ್ತಿಟ್ಟೆ. ಅವ್ರನ್ನ ಜೀಪಿಗೆ ಹತ್ತಿಸೋವಾಗ ಹೇಳ್ಬೇಕು ಅಂದ್ಕೊಂಡೆ. ಬಾಯೇ ಬರ್ಲಿಲ್ಲ."

ಬೋರ್ಡು ಕಾಲೇಜಿನ ಸ್ವತ್ತಾದ್ದರಿಂದ ಕವಿತ ಅವಳನ್ನು ಬಂಧಿಸಿ ಜೀಪಿಗೆ ಹತ್ತಿಸಿದಳು. ಶಿವಣ್ಣ ಯಾರ ಮುಖವನ್ನೂ ನೋಡದೆ ಒಳಗಿಂದ ಕುಡುಗೋಲು ತೆಗೆದುಕೊಂಡು, ಫ್ಲೆಕ್ಸಿನ ಹಗ್ಗ ಕೊಯ್ಯಲು ಬಸ್ ಸ್ಟ್ಯಾಂಡಿನ ಕಡೆ ನಡೆದ.

ಠಾಣೆಯೊಳಗೆ ಬಂದ ರಂಜಿತಳನ್ನು ಮರಿಸಿದ್ದಯ್ಯ ಒಮ್ಮೆ ನೋಡಿ ಗೋಡೆಯ ಕಡೆ ತಿರುಗಿಕೊಂಡ. ಚಲುವನಾರಾಯಣ ಬೆಂಚಿನ ಮುಂದೆ ನಿಂತ. ಹದಿನಾರು ವರ್ಷದ ನೌಕರಿಯಲ್ಲಿ ಅವನಿಗೆ ಟೋಪಿ ಇಷ್ಟು ಭಾರ ಎನಿಸಿರಲಿಲ್ಲ. ನಾಚಿಕೆಯಾಯಿತು.

"ತಪ್ಪಾಯ್ತು. ಹೇಳೋಕೆ ಬಂದಿದ್ರಿ, ನಾನು ಬಿಡಲಿಲ್ಲ. ಊಟ ತರಿಸ್ತೀನಿ. ಆಮೇಲೆ ಜೀಪಲ್ಲಿ ಮನೆಗೆ ಬಿಡ್ತೀನಿ."

"ಊಟ ಬ್ಯಾಡಿ ಸಾ. ಮನೆಗೆ ನಡ್ಕಂಡೇ ಓಯ್ತೀನಿ." ಮರಿಸಿದ್ದಯ್ಯ ಎದ್ದು ಪಂಚೆ ಕೊಡವಿದ. "ಜೀಪು ನಾಳೀಕೆ ತನ್ನಿ. ಕಾಲೇಜ್ ಗೇಟ್‌ತಾವ ಬುಡಿ. ಎಲ್ರೂ ಇರೋವಾಗ."

ಗುರುವಾರ ಬೆಳಗ್ಗೆ ಕಾಲೇಜು ಶುರುವಾಗುವ ಹೊತ್ತಿಗೆ ಜೀಪು ಗೇಟಿನಲ್ಲಿ ನಿಂತಿತು. ಚಲುವನಾರಾಯಣ ತಾನೇ ಇಳಿದು ಮುಂದಿನ ಬಾಗಿಲು ತೆಗೆದ.

"ಇಳೀರಿ ಮರಿಸಿದ್ದಯ್ಯನೋರೇ. ಕಳ್ಳತನ ಮಾಡಿದ್ದು ನೀವಲ್ಲ. ತಪ್ಪು ನಮ್ಮದು." ನಿಂತವರಿಗೆಲ್ಲ ಕೇಳುವಂತೆ ಹೇಳಿದ.

ಮರಿಸಿದ್ದಯ್ಯ ಇಳಿದು ಕೈ ಚಾಚಿದ. ಕೈ ಮುಗಿಯಲು ಬಂದನೇನೋ ಎಂದು ಚಲುವನಾರಾಯಣ ಗಾಬರಿಗೊಂಡ.

"ಬೀಗದಕೈ ಕೊಡಿ ಸಾ. ಲ್ಯಾಬ್ ತಗೀಬೇಕು."

ಅದು ನಿನ್ನೆಯಿಂದ ಚಲುವನಾರಾಯಣನ ಜೇಬಿನಲ್ಲೇ ಇತ್ತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.