ಬೆಂಕಿ ಕಂಡ ಉಲ್ಕೆ

“ಅಲ್ಲೇ ನಿಲ್ಲಿ! ನನ್ನ ಕೈಯಲ್ಲಿರೋದು ಸುತ್ತಿಗೆ, ಹೂವಿನ ಹಾರ ಅಲ್ಲ!”

ಕುಲುಮೆಯ ಹಿತ್ತಲಲ್ಲಿ, ಗುಜರಿ ರಾಶಿಯ ಮುಂದೆ ಮಂಡಿಯೂರಿದ್ದ ಆ ಮನುಷ್ಯ ಬೆಚ್ಚಿಬಿದ್ದು ತಿರುಗಿದ. ಅವನ ಕೈಯಲ್ಲೊಂದು ಕೋಲು. ಕೋಲಿನ ತುದಿಗೆ ದೊಡ್ಡ ಅಯಸ್ಕಾಂತ. ಅದಕ್ಕೆ ಮೊಳೆ, ತಿರುಪು, ಮುರಿದ ಬೀಗ, ಅರ್ಧ ಕತ್ತರಿ ಎಲ್ಲವೂ ಜೇನುಹುಳುಗಳಂತೆ ಮುತ್ತಿಕೊಂಡಿದ್ದವು.

“ನಾನು ಕಳ್ಳ ಅಲ್ಲ ರೀ...”

“ಯಾವ ಕಳ್ಳ ತಾನೇ ಹೌದು ಅಂದಿದ್ದಾನೆ!”

“ಉಲ್ಕೆ ಹುಡುಕ್ತಿದ್ದೆ.”

ಕುಲುಮೆಯವಳ ಸುತ್ತಿಗೆ ತಾನಾಗಿಯೇ ಕೆಳಗಿಳಿಯಿತು. ಕಬ್ಬಿಣ ಕದಿಯಲು ಬಂದವರನ್ನು ಅವಳು ಕಂಡಿದ್ದಳು. ಆಕಾಶದ ಚೂರು ಹುಡುಕಿಕೊಂಡು ಬಂದವನನ್ನು ಕಂಡದ್ದು ಇದೇ ಮೊದಲು!

“ಮೇಲಿಂದ ಬೀಳೋ ಉಲ್ಕೆಗಳಲ್ಲಿ ಕಬ್ಬಿಣದವೂ ಇರ್ತಾವೆ,” ಎಂದ ಅವನು, ಮೊಳೆಗಳನ್ನು ಒಂದೊಂದಾಗಿ ಕಿತ್ತು ರಾಶಿಗೆ ಹಾಕುತ್ತ. “ಉಳುವಾಗ ಸಿಕ್ಕ ಕಬ್ಬಿಣದ ಗಟ್ಟಿಗಳನ್ನ ಜನ ಕಮ್ಮಾರರ ಹತ್ತಿರ ತಂದು ಹಾಕ್ತಾರಲ್ಲ, ಅದರಲ್ಲಿ ಒಂದಾದ್ರೂ ಇರಬಹುದು ಅಂತ ಬಂದೆ. ಬಾಗಿಲು ತಟ್ಟಿದೆ. ಯಾರೂ ಓ ಅನ್ನಲಿಲ್ಲ.”

“ಕುಲುಮೆ ಬಾಗಿಲು ತಟ್ಟಿದ್ರೆ ಯಾರಿಗೆ ಕೇಳುತ್ತೆ? ಒಳಗೆ ದಿನವಿಡೀ ಬಡಿಯೋದೇ ನಮ್ಮ ಕೆಲಸ!”

ಅವನು ನಕ್ಕುಬಿಟ್ಟ. ನಗಬಾರದೆಂದು ತುಟಿ ಕಚ್ಚಿಕೊಂಡಿದ್ದ ಅವಳೂ ನಕ್ಕುಬಿಟ್ಟಳು.

ಮೇಲಿರುವವನು ಇಬ್ಬರನ್ನು ಸೇರಿಸಲು ಮನಸ್ಸು ಮಾಡಿದರೆ ಹೂದೋಟವೇ ಬೇಕೆಂದೇನಿಲ್ಲ. ಗುಜರಿ ರಾಶಿಯೂ ಸಾಕು.

ಅವನು ಜಮೀನು ಅಳೆಯುವ ಸರ್ವೇಯರ್. ವಾರವೆಲ್ಲ ಹೊಲಗಳಲ್ಲಿ ಸರಪಳಿ ಎಳೆಯುವವನು, ಶನಿವಾರ ಕೋಲು ಹಿಡಿದು ಉಲ್ಕೆಯ ಬೆನ್ನು ಹತ್ತುತ್ತಿದ್ದ. ಹನ್ನೊಂದು ವರ್ಷ ಹುಡುಕಿದ್ದರೂ ಒಂದೂ ಸಿಕ್ಕಿರಲಿಲ್ಲ. ಅವಳು ಮೂರು ತಲೆಮಾರಿನ ಕುಲುಮೆಯ ಒಡತಿ. ಅಪ್ಪನ ಕಣ್ಣು ಮಂಜಾದ ಮೇಲೆ ಸುತ್ತಿಗೆ ಅವಳ ಕೈಗೆ ಬಂದಿತ್ತು. ಅಪ್ಪ ತಿದಿಯ ಪಕ್ಕ ಕೂತು ಗಾಳಿ ಊದುತ್ತ, ಬಂದವರಿಗೆಲ್ಲ ಅಡ್ಡಹೆಸರು ಇಡುತ್ತಿದ್ದರು. ಶನಿವಾರ ಶನಿವಾರ ಕುಲುಮೆಗೆ ಬರತೊಡಗಿದ ಅವನಿಗೂ ಒಂದು ಸಿಕ್ಕಿತು.

“ಏನಪ್ಪಾ ಆಕಾಶದ ಗುಜರಿಯವನೇ, ಈ ವಾರ ಏನಾದ್ರೂ ಉದುರಿತಾ?”

“ಒಂದು ಲಾಳ ಸಿಕ್ತು, ಯಜಮಾನ್ರೇ.”

“ಸರಿ ಬಿಡು, ಇನ್ನು ಕುದುರೆ ಒಂದು ಬಾಕಿ!”

ಅವನು ಹೋದ ಮೇಲೆ ಅಪ್ಪ ತಿದಿ ನಿಲ್ಲಿಸಿ ಹೇಳುತ್ತಿದ್ದರು: “ನಮ್ಮ ರಾಶಿಯಲ್ಲಿ ಏನೂ ಇಲ್ಲ ಅಂತ ಅವನಿಗೆ ಮೊದಲ ವಾರವೇ ಗೊತ್ತಾಯ್ತು. ಆದ್ರೂ ಬರ್ತಾನೆ. ನನ್ನ ಕಣ್ಣು ಮಂಜಾಗಿದೆ ಮಗಳೇ, ನಿನ್ನದಕ್ಕೇನಾಗಿದೆ?”

“ಅಪ್ಪಾ, ಸುಮ್ನೆ ಗಾಳಿ ಊದಿ!” ಎಂದು ಅವಳು ಬೆಂಕಿಯತ್ತ ತಿರುಗುತ್ತಿದ್ದಳು. ಮುಖ ಕೆಂಪಾದದ್ದಕ್ಕೆ ಕುಲುಮೆಯ ನೆಪ ಇತ್ತಲ್ಲ!

ಒಂದು ಶನಿವಾರ ಅವನು ಓಡೋಡಿ ಬಂದ. ಬಟ್ಟೆ ಬಿಚ್ಚಿದರೆ ಮುಷ್ಟಿ ಗಾತ್ರದ ಕಂದು ಗಟ್ಟಿ. ಹಳ್ಳದ ದಂಡೆ ಅಳೆಯುವಾಗ ಸಿಕ್ಕದ್ದು.

ಅವಳು ಅಂಗೈಯಲ್ಲಿ ತೂಗಿ ನೋಡಿದಳು. ಅಬ್ಬಾ, ಏನು ಭಾರ! “ಇದೇನಾ...?”

“ಇದೇ!” ಅವನು ಗಟ್ಟಿಯ ಅಂಚನ್ನು ಬೆರಳಿನಿಂದ ತೋರಿಸಿದ. “ಆದ್ರೆ ಇದಕ್ಕೆ ತುಕ್ಕಿನ ರೋಗ ಹತ್ತಿದೆ. ನೋಡಿ, ಹಳದಿ ಹನಿ ಬೆವರ್ತಿದೆ. ಹೀಗೇ ಬಿಟ್ರೆ ಪುಡಿಪುಡಿ ಆಗುತ್ತೆ. ಪೇಟೆಯ ಮ್ಯೂಸಿಯಂನಿಂದ ಔಷಧ ತರ್ತೀನಿ, ಮೂರು ದಿನ. ಅಲ್ಲಿವರೆಗೆ ತೇವ ತಾಗದ ಜಾಗ ಅಂದ್ರೆ ಈ ಕುಲುಮೆಯೊಂದೇ. ನೋಡ್ಕೋತೀರಾ?”

“ಕಣ್ಣಲ್ಲಿ ಕಣ್ಣಿಟ್ಟು. ಇದರೊಳಗೆ ಏನಿರುತ್ತೆ?”

“ಅದು ಮಾತ್ರ ಈಗ ಹೇಳಲ್ಲ! ಕೊಯ್ದ ದಿನ ನಿಮ್ಮ ಕಣ್ಣೇ ಮೊದಲು ನೋಡಬೇಕು.”

ಅವನು ಹೋದ. ಮೊದಲ ದಿನ ಹನಿಗಳು ಹೆಚ್ಚಾದವು. ಎರಡನೆಯ ದಿನ ಒಂದು ಪದರ ಉದುರಿತು. ಉದುರಿದ ಪುಡಿಯನ್ನು ಅವಳು ಅಂಗೈಗೆ ಎತ್ತಿಕೊಂಡಳು. ‘ಹನ್ನೊಂದು ವರ್ಷದ ಹುಡುಕಾಟ... ನನ್ನ ಕಣ್ಣೆದುರೇ ಸಾಯ್ತಿದೆಯಲ್ಲಾ!’

ತುಕ್ಕಿಗೆ ಕಮ್ಮಾರರ ಮನೆಯಲ್ಲಿ ಅಜ್ಜನ ಕಾಲದಿಂದಲೂ ಒಂದೇ ಔಷಧ. ಕೆಂಪಗೆ ಕಾಯಿಸು, ಎಣ್ಣೆಯಲ್ಲಿ ಅದ್ದು. ಅವಳು ಮಾಡಿದ ನೂರಾರು ಬಾಗಿಲ ಚಿಲಕಗಳು ಹಾಗೇ ತಾನೇ ಉಳಿದದ್ದು? ದೇವರನ್ನು ನೆನೆದು ಇಕ್ಕಳದಲ್ಲಿ ಗಟ್ಟಿಯನ್ನು ಹಿಡಿದಳು. ಅಪ್ಪ ಗಾಳಿ ಊದಿದರು. ಕೆಂಪೇರಿತು. ಎಣ್ಣೆಯಲ್ಲಿ ಮುಳುಗಿ ಚುಯ್ ಎಂದಿತು. ಹೊರಗೆ ಬಂದಾಗ ಕಪ್ಪಗೆ, ನುಣ್ಣಗೆ, ಮಿರಮಿರ ಮಿಂಚುತ್ತಿತ್ತು. ಒಂದು ಹನಿ ಬೆವರಿಲ್ಲ!

ಮೂರನೆಯ ದಿನ ಅವನು ಔಷಧದ ಬಾಟಲಿಯೊಂದಿಗೆ ಬಂದ. ಅಂದು ಇಸ್ತ್ರಿ ಮಾಡಿದ ಶರ್ಟು. ಅವಳು ಸೆರಗಿನಿಂದ ಒರೆಸಿ, ಎರಡು ಕೈಯಲ್ಲಿ ಗಟ್ಟಿಯನ್ನು ಚಾಚಿದಳು.

“ನೋಡಿ, ವಾಸಿಯಾಯ್ತು! ಕೆಂಪಗೆ ಕಾಯಿಸಿ ಎಣ್ಣೆ ಕುಡಿಸಿದೆ!”

ಅವನ ಮುಖದ ರಕ್ತ ಇಳಿದುಹೋಯಿತು. ಗಟ್ಟಿಯನ್ನು ಮುಟ್ಟಲಿಲ್ಲ. ಬಾಟಲಿಯನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟ. ತಲೆ ತಗ್ಗಿಸಿ ಹೊರಟೇಹೋದ.

‘ಏನು ಮಾಡಿಬಿಟ್ಟೆ ನಾನು?’

ಒಂದು ಶನಿವಾರ ಕಳೆಯಿತು. ಅವನು ಬರಲಿಲ್ಲ. ಎರಡನೆಯ ಶನಿವಾರ ಮಧ್ಯಾಹ್ನ ಅಪ್ಪ ಹೇಳಿದರು: “ಮಗಳೇ, ಹದ ಕೆಟ್ಟ ಕಬ್ಬಿಣವನ್ನ ಮೂಲೆಗೆ ಎಸೆದು ಅಳೋ ಕಮ್ಮಾರ ಇಲ್ಲ. ಎತ್ಕೊಂಡು ನೋಡ್ತಾನೆ. ಹೋಗು.”

ಅವನ ಮನೆ ಎಲ್ಲಿದೆಯೆಂದೂ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಆ ಮ್ಯೂಸಿಯಂ ಒಂದೇ. ಗಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ಉಲ್ಕೆಗಳ ಕೋಣೆಯ ಮೇಡಂ ಬೆಳ್ಳಿಗೂದಲಿನ ಹೆಂಗಸು. ಅವಳ ಮಾತು ಪೂರ್ತಿ ಕೇಳಿ, ಕಪಾಟಿನಿಂದ ಬೇರೊಂದು ಉಲ್ಕೆಯಿಂದ ಕೊಯ್ದ, ಕನ್ನಡಿಯಂಥ ಬಿಲ್ಲೆಯೊಂದನ್ನು ತೆಗೆದು ಬೆಳಕಿಗೆ ಹಿಡಿದರು.

ಅವಳು ಮುಂದಕ್ಕೆ ಬಾಗಿ ನೋಡಿದಳು. ಕಬ್ಬಿಣದೊಳಗೆ ಬೆಳ್ಳಿಯ ಗೆರೆಗಳು! ಒಂದರ ಮೇಲೊಂದು ಹಾಯ್ದು, ಚಾಪೆ ಹೆಣೆದಂತೆ...

“ಲಕ್ಷಾಂತರ ವರ್ಷ ನಿಧಾನಕ್ಕೆ ಆರಿ ಆರಿ ಮೂಡಿದ ಗೆರೆಗಳಮ್ಮ. ಮನುಷ್ಯರ ಕೈಲಿ ಮಾಡೋಕಾಗಲ್ಲ. ಕೆಂಪಗೆ ಕಾಯಿಸಿದ್ರೆ ಕಲಸಿಹೋಗುತ್ತೆ.”

ಹದವೆಂದರೇನೆಂದು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ‘ಇದು ಯಾವ ಕಮ್ಮಾರನ ಹದ! ಮೇಲಿರುವವನು ಯುಗಯುಗ ಕಾದು ಮಾಡಿದ್ದನ್ನು ನಾನು ಒಂದು ಗಳಿಗೆಯಲ್ಲಿ ಕೆಡಿಸಿದೆನೇ...’ ಕಣ್ಣೀರು ತಡೆಯಲಾಗಲಿಲ್ಲ.

“ತಪ್ಪೆಲ್ಲ ನನ್ನದು ಮೇಡಂ. ಅವರದ್ದೇನೂ ಇಲ್ಲ. ಹಾಗಂತ ಬರ್ಕೊಳ್ಳಿ.”

ಮೇಡಂ ಕನ್ನಡಕ ತೆಗೆದು ನಕ್ಕರು. “ಸರ್ವೇಯರೂ ಇದೇ ಕುರ್ಚಿಯಲ್ಲಿ ಕೂತು ತಪ್ಪೆಲ್ಲ ತನ್ನದು ಅಂದ. ಒಳಗೆ ಏನಿದೆ ಅಂತ ಗುಟ್ಟು ಮಾಡಿದ್ನಂತೆ. ಹೆಸರಿಗೆ ಜಗಳ ಆಡೋರನ್ನ ನೋಡಿದ್ದೀನಿ, ತಪ್ಪಿಗೆ ಜಗಳ ಆಡೋರು ನೀವೇ ಮೊದಲು! ಹೋಗಿ, ಹಿಂದಿನ ಕೋಣೆಯಲ್ಲಿದ್ದಾನೆ. ಬೆಂಕಿ ಕಂಡ ಉಲ್ಕೆಗಳ ಹಳೇ ಕಡತ ಓದ್ತಿದ್ದಾನೆ.”

ಅವನು ತಲೆಯೆತ್ತಿದ. ಗಡ್ಡ ಬೆಳೆದಿತ್ತು.

“ಬೈಯಬೇಕಿತ್ತು,” ಎಂದಳು ಅವಳು. “ಹಾಗೆ ಸುಮ್ನೆ ಹೋದ್ರಲ್ಲ, ಅದು ಸುತ್ತಿಗೆ ಪೆಟ್ಟಿಗಿಂತ ಜೋರಾಗಿ ಬಿತ್ತು.”

“ಬಾಯಿ ಬಿಟ್ಟಿದ್ರೆ ಅಳ್ತಿದ್ದೆ. ನಾನು ಅತ್ತಿದ್ರೆ ನೀವು ಮತ್ತೆ ಬೆಂಕಿ ಮುಂದೆ ನಗ್ತಾ ನಿಲ್ತಿರಲಿಲ್ಲ. ಅದು ನನಗೆ ಬೇಡವಾಗಿತ್ತು. ಏನಾದ್ರೂ ಉಳಿದಿದ್ಯಾ ಅಂತ ತಿಳ್ಕೊಂಡೇ ಬರೋಣ ಅಂತ...”

“ಉಳಿದಿದ್ಯಾ?”

“ಕೊಯ್ದು ನೋಡಬೇಕು.”

ನೀರು ಸುರಿಯುವ ಗರಗಸದ ಮುಂದೆ ಇಬ್ಬರೂ ನಿಂತರು. ಗಟ್ಟಿಯನ್ನು ಅವಳು ಗರಗಸದ ಇಕ್ಕಳದಲ್ಲಿ ಬಿಗಿದಳು, ಚಕ್ರವನ್ನು ಅವನು ತಿರುಗಿಸಿದ. ಎರಡು ತಾಸು ಗರಗಸ ಕೊಯ್ಯುತ್ತಲೇ ಇತ್ತು. ಅದೊಂದು ಪ್ರಾರ್ಥನೆಯಂತಿತ್ತು. ಕೊಯ್ದ ಮುಖವನ್ನು ಅವಳೇ ಉಜ್ಜಿ ನುಣುಪು ಮಾಡಿದಳು. ಗೆರೆಗಳಿದ್ದರೆ ಎದ್ದು ಕಾಣಲೆಂದು ಅವನು ಅದಕ್ಕೆ ಆಸಿಡ್ ಸವರಿದ.

ಅಂಚಿನಲ್ಲೆಲ್ಲ ಬರೀ ಬೂದಿ ಬಣ್ಣ. ಏನೂ ಇಲ್ಲ.

ಆಮೇಲೆ ನಡುವಿನಲ್ಲಿ, ನಿದ್ದೆಯಿಂದ ಏಳುವಂತೆ, ಒಂದು ಗೆರೆ. ಅದನ್ನು ಹಾಯ್ದು ಇನ್ನೊಂದು. ಮಸುಕು ಮಸುಕು. ಆದರೆ ಇದ್ದವು!

“ನಿಮ್ಮ ಕಣ್ಣೇ ಮೊದಲು ನೋಡಿದ್ದು,” ಎಂದ ಅವನು ಪಿಸುದನಿಯಲ್ಲಿ.

“ಎಷ್ಟೊಂದು ಅಳಿಸಿಹೋಗಿದೆ...”

“ಹೋಗಿದೆ. ಇಲ್ಲ ಅನ್ನಲ್ಲ. ಉಳಿದದ್ದು ಚೆನ್ನಾಗಿದೆ.” ಅವನು ಬಿಲ್ಲೆಯನ್ನು ಒರೆಸುತ್ತಲೇ ಇದ್ದ. “ಒಂದು ಚೂರು ಮ್ಯೂಸಿಯಂಗೆ ಸಾಕಂತೆ. ಮಿಕ್ಕದ್ದನ್ನ ಮನೇಲಿ ಇಟ್ಕೋಬಹುದು.”

“ಯಾರ ಮನೇಲಿ?”

“ಅದನ್ನ ಕೇಳೋಕೆ ಅಂತಲೇ ಅವತ್ತು ಇಸ್ತ್ರಿ ಶರ್ಟು ಹಾಕ್ಕೊಂಡು ಬಂದಿದ್ದೆ.”

ಅವಳ ಎದೆ ತಿದಿಯಂತೆ ಏರಿ ಇಳಿಯಿತು. “ಈಗ ಕೇಳಿ.”

“ನನ್ನನ್ನ ಮದುವೆ ಆಗ್ತೀರಾ?”

“ನನ್ನ ಜೊತೆ ಅಪ್ಪನೂ ಬರ್ತಾರೆ, ಕುಲುಮೆಯೂ ಬರುತ್ತೆ.”

“ಕುಲುಮೆ ಹೊರೋಕೆ ನನ್ನ ಕೈಲಾಗಲ್ಲ. ನಾನೇ ಅಲ್ಲಿಗೆ ಬಂದುಬಿಡ್ತೀನಿ.”

“ಹಾಗಾದ್ರೆ ಒಂದು ಷರತ್ತು. ಇನ್ನು ಮೇಲೆ ನನ್ನಿಂದ ಏನೂ ಮುಚ್ಚಿಡಬಾರದು. ದುಃಖ ಅಷ್ಟೇ ಅಲ್ಲ, ಚೆನ್ನಾಗಿರೋ ಸಂಗತಿಯನ್ನೂ.”

“ಆಯ್ತು. ಹಾಗಾದ್ರೆ ಈಗಿಂದಲೇ ಹೇಳ್ತೀನಿ... ನನ್ನ ಕಾಲು ನಡುಗ್ತಿದೆ.”

ಅವಳು ಒದ್ದೆ ಕೈಯಿಂದಲೇ ಅವನ ಕೈ ಹಿಡಿದುಕೊಂಡಳು.

“ನನ್ನದೂ,” ಎಂದಳು.