ಹೆಸರು ಮುಚ್ಚುವ ಪಟ್ಟಿ

“ಹೇಳಿ, ಈ ಮಾತು ಯಾರದು?”

ಅವಳ ಚಿತ್ರಕಥೆಯ ಹದಿನಾಲ್ಕನೇ ಪುಟದ ಎಡ ಅಂಚಿಗೆ ಅವನು ಉದ್ದನೆಯ ರಟ್ಟಿನ ಪಟ್ಟಿಯೊಂದನ್ನು ಇಟ್ಟಿದ್ದ. ಪಾತ್ರಗಳ ಹೆಸರೆಲ್ಲ ಅದರಡಿ ಮುಚ್ಚಿಹೋಗಿ ಮಾತುಗಳಷ್ಟೇ ಕಾಣುತ್ತಿದ್ದವು.

“ತಾಯಿಯದು,” ಎಂದಳು ಅವಳು ಧೈರ್ಯವಾಗಿ.

ಅವನು ಪಟ್ಟಿ ಎತ್ತಿದ. ಪೊಲೀಸಿನವನ ಮಾತು!

ಅವಳ ಕಿವಿ ಬಿಸಿಯಾಯಿತು.

“ಬರೆದ ನಿಮಗೇ ಗೊತ್ತಾಗ್ಲಿಲ್ಲ. ನೋಡೋರಿಗೆ ಹೇಗೆ ಗೊತ್ತಾಗ್ಬೇಕು? ತಾಯಿ, ಮಗಳು, ಪೊಲೀಸು... ಎಲ್ಲರ ಬಾಯಲ್ಲೂ ನೀವೇ ಕೂತಿದ್ದೀರಿ. ಮತ್ತೆ ಬರೀರಿ.”

“ಪೂರ್ತಿನಾ?”

“ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದಗುಳು ಸಾಕಲ್ವಾ?”

‘ಅಬ್ಬಾ, ಸೊಕ್ಕೇ!’ ಎಂದುಕೊಳ್ಳುತ್ತಾ ಅವಳು ಹಾಳೆಗಳನ್ನು ಎದೆಗವಚಿಕೊಂಡು ಹೊರಬಿದ್ದಳು.

ಸಿನಿಮಾ, ನಾಟಕ ಬರೆಯುವವರಿಗೆ ಸಲಹೆ ಕೊಡುವುದು, ಯಾವ ಬರಹ ಎಲ್ಲಿ ಮಾರಾಟವಾದೀತು ಎಂದು ಹೇಳುವುದು ಅವನ ವೃತ್ತಿ. ಎಲ್ಲರೂ ಅವನನ್ನು ‘ಕತ್ತರಿ’ ಎಂದೇ ಕರೆಯುತ್ತಿದ್ದರು. ಅವಳು ಅಣ್ಣನ ಲಾಂಡ್ರಿಯ ಕೌಂಟರಿನಲ್ಲಿ ಕೂರುವವಳು. ರಸೀದಿಗಳ ಬೆನ್ನಿನ ಮೇಲೆ ಸಂಭಾಷಣೆ ಬರೆಯುವವಳು. ಅವಳ ಹಿಂದಿನ ಮೂರು ಬರಹಗಳನ್ನು ನಾಟಕ ತಂಡವೊಂದು ಹಾಗೇ ವಾಪಸ್ ಕಳಿಸಿತ್ತು. ‘ಇದೂ ಆಗದಿದ್ದರೆ ಇನ್ನು ಪೆನ್ನು ಮುಟ್ಟಲ್ಲ’ ಎಂದು ಅವಳೇ ಮನೆಯವರ ಮುಂದೆ ಮಾತು ಕೊಟ್ಟಿದ್ದಳು.

“ಏನೇ, ಕತ್ತರಿ ಬಿತ್ತಾ?” ಅತ್ತಿಗೆ ಷರ್ಟುಗಳಿಗೆ ಚೀಟಿ ಕಟ್ಟುತ್ತಾ ಕೇಳಿದಳು.

“ಬೀಳೋದೇನು ಅತ್ತಿಗೆ, ಬುಡಸಮೇತ ಕತ್ತರಿಸಿಬಿಟ್ಟ!”

“ಹಾಗಾದ್ರೆ ಚಿಗುರುತ್ತೆ ಬಿಡು. ಮೊದಲು ಈ ಕೋಟಿನ ಜೇಬು ನೋಡು, ಬಾಚಣಿಗೆ ಬಿಟ್ಟು ಹೋಗಿದಾನೆ ಪುಣ್ಯಾತ್ಮ.”

ಅಳಬೇಕೆಂದಿದ್ದವಳಿಗೆ ನಗು ಬಂದುಬಿಟ್ಟಿತು!

ಎರಡನೇ ಸಲ ಬರೆದಳು. “ಮಗಳು ಇನ್ನೂ ಭಾಷಣ ಮಾಡ್ತಿದಾಳೆ,” ಎಂದ. ಮೂರನೇ ಸಲ, “ಪೊಲೀಸು ಬೇಕಾಗೇ ಇಲ್ಲ,” ಎಂದ. ನಾಲ್ಕು... ಐದು... ಒಗೆದ ಬಟ್ಟೆಯನ್ನೇ ಒಗೆದಂತೆ ಅದೇ ಪುಟಗಳನ್ನು ತಿಕ್ಕಿ ತಿಕ್ಕಿ ಅವಳ ಬೆರಳು ಸೋತವು. ಆದರೆ ಕೌಂಟರಿನಲ್ಲಿ ಕುಳಿತಾಗ ಗಿರಾಕಿಗಳ ಮಾತು ಈಗ ಬೇರೆ ಬೇರೆಯಾಗಿ ಕೇಳಿಸತೊಡಗಿತ್ತು. ಒಬ್ಬರು ಪ್ರಶ್ನೆಗೆ ಪ್ರಶ್ನೆಯನ್ನೇ ಕೊಡುತ್ತಾರೆ, ಇನ್ನೊಬ್ಬರು ಸಿಟ್ಟು ಬಂದಾಗ ಮೆಲ್ಲಗೆ ಮಾತಾಡುತ್ತಾರೆ.

ಆರನೇ ಸಲ ಅವನು ತಾಯಿಯ ಮಾತೊಂದನ್ನು ಗಟ್ಟಿಯಾಗಿ ಓದಿದ. “ಕಾಲರ್ ನೋಡಿದ್ರೆ ಸಾಕು, ಮನೇಲಿ ಕಾಯೋರು ಇದಾರೋ ಇಲ್ವೋ ಹೇಳಿಬಿಡ್ತೀನಿ!”

ಓದಿದವನೇ ಜೋರಾಗಿ ನಕ್ಕ. ಮರುಗಳಿಗೆಯೇ ಕೈ ತನ್ನ ಕಾಲರಿಗೆ ಹೋಯಿತು. ಗುಂಡಿ ಕಿತ್ತುಹೋದ, ಅಂಚು ಮಾಸಿದ ಕಾಲರ್.

ಅವಳು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ. ಇಬ್ಬರೂ ಒಟ್ಟಿಗೆ ಕಣ್ಣು ತಗ್ಗಿಸಿದರು.

ಅಂದಿನಿಂದ ಅವಳು ಬರುವ ಹೊತ್ತಿಗೆ ಮೇಜಿನ ಮೇಲೆ ಎರಡು ಲೋಟ ಟೀ ಇರುತ್ತಿತ್ತು. ಆರದಂತೆ ಒಂದರ ಮೇಲೆ ತಟ್ಟೆ ಮುಚ್ಚಿರುತ್ತಿತ್ತು. ‘ಇದಕ್ಕೇನು ಅರ್ಥ?’ ಎಂದು ಅವಳ ಮನಸ್ಸು ಕೇಳುತ್ತಿತ್ತು. ಕೇಳಿ, ತಾನೇ ನಾಚುತ್ತಿತ್ತು.

ಎಂಟನೇ ಸಲ ಪಟ್ಟಿಯಿಟ್ಟು ಹನ್ನೆರಡು ಮಾತು ಕೇಳಿದ. ಹನ್ನೆರಡಕ್ಕೂ ಅವಳು ಸರಿಯಾಗಿ ಹೇಳಿದಳು.

“ಆದ್ರೆ ಇದು ಸಿನಿಮಾ ಅಲ್ಲ,” ಎಂದ ಅವನು. “ಇಡೀ ಕಥೆ ಒಂದೇ ಕೋಣೇಲಿ, ಮಾತಿನ ಮೇಲೇ ನಡೆಯುತ್ತೆ. ಕ್ಯಾಮೆರಾಗೆ ಇಲ್ಲಿ ಕೆಲಸವೇ ಇಲ್ಲ. ನಾಟಕ ಮಾಡಿ ಮಾರಿ.”

“ಎಂಟು ಸಲ ಬರೆಸಿ ಈಗ ಹೇಳ್ತೀರಾ? ನಾಟಕದವರು ನನ್ನ ಹೆಸರು ನೋಡಿದ್ರೇ ವಾಪಸ್ ಕಳಿಸ್ತಾರೆ!”

ಅವನು ಏನೋ ಯೋಚಿಸಿದ. “ಒಂದು ಪ್ರತಿ ಇಟ್ಟು ಹೋಗಿ.”

ಹದಿನೈದು ದಿನ ಸುದ್ದಿಯಿಲ್ಲ. ಫೋನು ಮಾಡಿದರೆ “ತಾಳ್ಮೆ ಇರಲಿ” ಎಂಬ ಎರಡೇ ಪದ. ತಾಳ್ಮೆಯಂತೆ!

ಆಮೇಲೊಂದು ಮಧ್ಯಾಹ್ನ, ಒಗೆದ ವೇಷಭೂಷಣಗಳ ಗಂಟು ಹೊತ್ತು ಅದೇ ನಾಟಕ ತಂಡದ ತಾಲೀಮು ಕೋಣೆಗೆ ಹೋದಳು. ಬಾಗಿಲಲ್ಲೇ ಕಾಲು ನಿಂತಿತು.

“ಕಾಲರ್ ನೋಡಿದ್ರೆ ಸಾಕು...” ಒಬ್ಬ ನಟಿ ಓದುತ್ತಿದ್ದಳು.

ಅವಳದೇ ಮಾತು! ಗಂಟು ಕೆಳಗಿಟ್ಟು ಮೇಜಿನ ಮೇಲಿದ್ದ ಪ್ರತಿಯ ಮೊದಲ ಪುಟ ನೋಡಿದಳು. ನಾಟಕದ ಹೆಸರಿತ್ತು, ಬರೆದವರ ಹೆಸರಿರಲಿಲ್ಲ. ಕೆಳಗೆ ‘ಕಳಿಸಿದವರು’ ಎಂದು ಅವನ ಸಹಿ ಮಾತ್ರ!

ಅವಳು ಸೀದಾ ಅವನ ಕೋಣೆಗೆ ನುಗ್ಗಿದಳು.

“ನನ್ನ ಹೆಸರೆಲ್ಲಿ?”

“ಕೂತ್ಕೊಳ್ಳಿ, ಹೇಳ್ತೀನಿ...”

“ಎಲ್ಲರ ಹೆಸರೂ ಮುಚ್ಚಿ ಮುಚ್ಚಿ ಕೊನೆಗೆ ನನ್ನದನ್ನೂ ಮುಚ್ಚಿದ್ರಾ? ನಂಬಿದ್ದೆ ನಿಮ್ಮನ್ನ!”

ಮೇಜಿನ ಮೇಲಿದ್ದ ಪಟ್ಟಿಯನ್ನು ಎರಡು ತುಂಡು ಮಾಡಿ ಎಸೆದಳು. ತಟ್ಟೆ ಮುಚ್ಚಿದ ಲೋಟ ಅಂದೂ ಅಲ್ಲೇ ಇತ್ತು. ಅದನ್ನು ಕಂಡು ಅಳು ಇನ್ನಷ್ಟು ಉಕ್ಕಿತು.

ಮೂರು ದಿನ ಪೆನ್ನು ಮುಟ್ಟಲಿಲ್ಲ. ನಾಲ್ಕನೇ ದಿನ ಆ ತಂಡದ ನಿರ್ದೇಶಕಿ ಲಾಂಡ್ರಿಗೇ ಬಂದರು. ಕೈಯಲ್ಲಿ ಒಡೆದ ಲಕೋಟೆ.

“ನಾಟಕ ಒಪ್ಪಿ ಒಪ್ಪಂದ ಬರೆಯೋ ದಿನವೇ ಇದನ್ನ ಒಡೀಬೇಕು ಅಂತ ಕತ್ತರಿ ಷರತ್ತು ಹಾಕಿದ್ರು. ಒಳಗೆ ನಿಮ್ಮ ಹೆಸರು.” ಆಕೆ ತಲೆ ತಗ್ಗಿಸಿದರು. “ಹಿಂದಿನ ಮೂರನ್ನೂ ನಾನು ಓದೇ ಇರ್ಲಿಲ್ಲಮ್ಮ. ಬಟ್ಟೆ ತರೋ ಹುಡುಗಿ ಏನು ಬರೀತಾಳೆ ಅಂತ... ಈ ಸಲ ಹೆಸರು ಕಾಣ್ಲಿಲ್ಲ, ಮಾತು ಕೇಳಿಸ್ತು. ಸಹಿ ಹಾಕ್ತೀರಾ?”

ಪತ್ರದಲ್ಲಿ ‘ಲೇಖಕಿ’ ಎಂಬ ಪದದ ಮುಂದೆ ಅವಳ ಹೆಸರು ಅಚ್ಚಾಗಿತ್ತು. ಓದಲು ಹೋದರೆ ಅಕ್ಷರ ಮಂಜಾದವು.

ಅತ್ತಿಗೆ ಮೆಲ್ಲಗೆ ಮೊಣಕೈಯಿಂದ ತಿವಿದಳು. “ಸಹಿ ಹಾಕಿ ಓಡು. ಕೌಂಟರ್ ನಾನು ನೋಡ್ಕೋತೀನಿ.”

ಅವನ ಕೋಣೆಯಲ್ಲಿ ಪಟ್ಟಿಯ ಎರಡು ತುಂಡುಗಳನ್ನು ಅಂಟುಕಾಗದ ಹಚ್ಚಿ ಜೋಡಿಸಿಟ್ಟಿತ್ತು.

“ನನ್ನನ್ನ ಒಂದು ಮಾತು ಕೇಳ್ಬೇಕಿತ್ತು,” ಎಂದಳು ಅವಳು.

“ಕೇಳ್ಬೇಕಿತ್ತು. ತಪ್ಪು ನಂದೇ. ನಾಲ್ಕನೇ ಸಲವೂ ವಾಪಸ್ ಬಂದ್ರೆ ನೀವು ಬರೆಯೋದು ಬಿಡ್ತೀರಿ ಅಂತ ಹೆದರಿದೆ. ಬಿಟ್ರೆ... ಇಲ್ಲಿಗೂ ಬರಲ್ಲ ಅಂತ.”

ಅವನು ಒಂದು ಹಾಳೆ ಮುಂದೆ ತಳ್ಳಿದ. ಎಡ ಅಂಚಿನ ಮೇಲೆ ಅದೇ ಅಂಟಿಸಿದ ಪಟ್ಟಿ. ಪಕ್ಕದಲ್ಲಿ ಉದ್ದನೆಯ ಒಂದೇ ಮಾತು. ಮರುಭೂಮಿ, ಮೋಡ, ಜನ್ಮಜನ್ಮಾಂತರ, ಹನ್ನೊಂದು ಸಾಲು!

“ಯಾರ ಮಾತು ಹೇಳಿ,” ಎಂದ ತಡವರಿಸುತ್ತಾ.

ಅವಳು ಪಟ್ಟಿ ಎತ್ತಲಿಲ್ಲ. ಅವನದೇ ಕೆಂಪು ಪೆನ್ಸಿಲ್ ತೆಗೆದುಕೊಂಡಳು.

“ಇಷ್ಟುದ್ದ ಯಾರ್ರೀ ಮಾತಾಡ್ತಾರೆ? ಮರುಭೂಮಿ ಬೇಡ. ಮೋಡ ಬೇಡ.” ಒಂದೊಂದೇ ಸಾಲು ಹೊಡೆದು ಹಾಕಿದಳು. ಕೊನೆಗೆ ಉಳಿದದ್ದು ಒಂದೇ ಪದ. *ಜೊತೆಗಿರ್ತೀರಾ?*

ಅವನು ಉಸಿರು ಬಿಗಿಹಿಡಿದ. “ಇದನ್ನಾದ್ರೂ ಉಳಿಸಿದ್ರಲ್ಲ... ಉತ್ತರ?”

ಅವಳು ಕೈ ಚಾಚಿ, ಗುಂಡಿಯಿಲ್ಲದ ಅವನ ಕಾಲರನ್ನು ಮೆಲ್ಲಗೆ ನೇರ ಮಾಡಿದಳು.

“ನಾಳೆ ಈ ಷರ್ಟ್ ಲಾಂಡ್ರಿಗೆ ಕೊಡಿ. ಇನ್ಮೇಲೆ ಇದನ್ನ ನೋಡಿದವರು, ಮನೇಲಿ ಕಾಯೋರಿದಾರೆ ಅನ್ಬೇಕು.”

“ಎಷ್ಟು ಹೊತ್ತಿಗೆ ಬರಲಿ?”

“ಅಂಗಡಿ ಬಾಗಿಲು ತೆಗೆಯೋಕೆ ಮುಂಚೆನೇ ಬನ್ನಿ,” ಎಂದು ನಕ್ಕಳು ಅವಳು. “ಟೀ ಮುಚ್ಚಿಟ್ಟಿರ್ತೀನಿ.”