ಕದಲದ ವಾಸನೆ

ನಸುಕಿನಲ್ಲಿ, ನೀರನ್ನು ಮೂಸುವ ಯಂತ್ರ ಜಲಘ್ರಾಣಿ ಒಂದು ಗುಟುಕು ಸಮುದ್ರದ ನೀರನ್ನು ಹೀರಿಕೊಂಡಿತು. ಈಜುವ ಜೀವಿಗಳು ಉದುರಿಸಿದ ಲೋಳೆಯಲ್ಲಿ, ಚರ್ಮದ ಕಣಗಳಲ್ಲಿ ಅವುಗಳ ವಂಶವಾಹಿಯ ತುಣುಕುಗಳಿರುತ್ತವೆ. ಅವನ್ನು ಓದಿ, ಯಾವ ಪ್ರಾಣಿ ಎಲ್ಲಿದೆಯೆಂದು ಯಂತ್ರ ಹೇಳುತ್ತಿತ್ತು. 2058ರಿಂದೀಚೆಗೆ ಕೆಂಬಂಡೆ ದ್ವೀಪದ ಸಂರಕ್ಷಿತ ಕಡಲಿಗೆ ಸ್ಥಿರವಾದ ಗಡಿಯೇ ಇರಲಿಲ್ಲ. ಆಮೆ, ಡಾಲ್ಫಿನ್‌ಗಳು ಹೋದಲ್ಲಿಗೆ ಗಡಿಯೂ ಹೋಗುತ್ತಿತ್ತು. ದೋಣಿಯ ಪರದೆಯಲ್ಲಿ ಕೆಂಪು ಗೆರೆ ಕಂಡರೆ ಅದರೊಳಗೆ ಬಲೆ ಬಿಡುವಂತಿಲ್ಲ. ಮೀನುಗಾರರು ಮೊದಲು ಗೊಣಗಿದರು. ಗೆರೆಯಾಚೆ ಮೀನು ಹೆಚ್ಚಿದಾಗ ಸುಮ್ಮನಾದರು.

ಒಂದು ವರ್ಷ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುತ್ತಲೇ ಕೆಂಪು ಗೆರೆ ಹೊಸಬೇಲೆ ಊರಿನ ಮುಂದೆ ಬಂದು ನಿಂತಿತು, ಕದಲಲಿಲ್ಲ. ಅಲ್ಲೊಂದು ಕಡಲಾಮೆ ಇದೆಯೆಂದು ಯಂತ್ರದ ವಾದ. ಅದೇ ನೀರಿನಲ್ಲಿ ತಾರ್ಲೆ ಮೀನಿನ ಹಿಂಡು ಮಿಂಚುತ್ತಿತ್ತು.

ಯಂತ್ರವನ್ನು ರೂಪಿಸಿದ ಮೇಧಾ ತಾನೇ ಬಂದಳು. ಬದುಕಿರುವ ಆಮೆಯ ವಾಸನೆ ದಿನವೂ ಜಾಗ ಬದಲಿಸಬೇಕು. ಇದು ಒಂದೇ ಕಡೆ ಕೂತಿತ್ತು. ಅವಳು ಆ ಜಾಗದಲ್ಲಿ ಬಲೆ ಬಿಡುವ ದೋಣಿಯ ಒಡತಿ ದುರ್ಗಿ ಹರಿಕಂತ್ರಳನ್ನು ಕೇಳಿದಳು.

ದುರ್ಗಿ ಬಲೆಯ ಸಿಕ್ಕು ಬಿಡಿಸುತ್ತಲೇ ಇದ್ದಳು. ಹೇಳಿದರೆ ಬಲೆ ಜಪ್ತಿಯಾದೀತು. ಹೇಳದಿದ್ದರೆ ಹಿಂಡು ದಾಟಿಹೋದೀತು.

"ಬಲೇಲಿ ಸಿಕ್ಕಿ ಸತ್ತೋಯ್ತು, ಅಕ್ಕೋರೆ. ದೇವರ ಜಾತಿ ಅದು, ಕಾಗೆಗೆ ಹಾಕೂಕೆ ಆಗ್ತದಾ? ಕುಂಕುಮ ಹಚ್ಚಿ, ಕಲ್ಲು ಕಟ್ಟಿ, ಸಮುದ್ರಕ್ಕೇ ಕೊಟ್ವಿ."

"ನಿಮ್ಮ ಜಾಗದಲ್ಲೇ ಮುಳುಗಿಸಿದ್ದು ಯಾಕೆ?"

"ನಮ್ಮನೆ ಹೆಣನ ಮತ್ತೊಬ್ರ ಅಂಗಳಕ್ಕೆ ಹಾಕೂಕೆ ನಾವೇನು ಪೇಟೆಯವ್ರಾ?"

ಪೇಟೆಯ ಮೇಧಾಳಿಗೆ ನಗು ಬಂತು. ಬದುಕಿದ್ದಕ್ಕೂ ಸತ್ತದ್ದಕ್ಕೂ ವ್ಯತ್ಯಾಸ ತಿಳಿಯದ ಯಂತ್ರ ತನ್ನದೇ. ಕದಲದ ವಾಸನೆಯೆಂದರೆ ಸಾವು ಎಂದು ಅವಳು ಅದಕ್ಕೆ ಕಲಿಸಿದಳು. ಗೆರೆ ಅಳಿಸಿಹೋಗಿ ಅಲ್ಲೊಂದು ಕಪ್ಪು ಚುಕ್ಕಿ ಮೂಡಿತು. ತಾನಾಗಿ ಹೇಳಿದ್ದರಿಂದ ದುರ್ಗಿಯ ಬಲೆ ಉಳಿಯಿತು. ಆಮೆ ಹೊರಬೀಳುವಷ್ಟು ಕಿಂಡಿಯನ್ನು ಅದಕ್ಕೆ ಹೊಲಿಯಬೇಕಾಯಿತು. ಹಿಂಡಿನ ಬಾಲವಷ್ಟೇ ಸಿಕ್ಕಿತು, ಆದರೂ ದೋಣಿ ತುಂಬಿತು.

ಮರುದಿನ ಮೇಧಾ ನಕಾಶೆ ತೆರೆದಳು. ದೊಡ್ಡ ಟ್ರಾಲರ್‌ಗಳು ಓಡಾಡುವ ಆಳದಲ್ಲಿ ಕಪ್ಪು ಚುಕ್ಕಿಗಳು ಸಾಲುಗಟ್ಟಿದ್ದವು. ಅವುಗಳ ಬಗ್ಗೆ ಯಾರೂ ಬಾಯಿಬಿಟ್ಟಿರಲಿಲ್ಲ. ಯಾರೂ ಕುಂಕುಮ ಹಚ್ಚಿರಲಿಲ್ಲ. ಅವಳು ನಕಾಶೆಯನ್ನು ಎಲ್ಲ ದೋಣಿಗಳ ಪರದೆಗೂ ಕಳಿಸಿದಳು. ಎರಡು ಹಂಗಾಮು ಕಳೆಯುವುದರೊಳಗೆ, ಕಿಂಡಿಯಿಲ್ಲದ ಬಲೆ ಹೊತ್ತು ಬಂದರು ಬಿಡುವ ಟ್ರಾಲರ್ ಒಂದೂ ಉಳಿಯಲಿಲ್ಲ.

ಇವತ್ತಿಗೆ ಜಲಘ್ರಾಣಿ ಇನ್ನೂ ಹುಟ್ಟಬೇಕಷ್ಟೆ. ಅಲ್ಲಿಯವರೆಗೆ ನಮ್ಮ ಕಡಲಿನ ನಕಾಶೆ ತಿಳಿನೀಲಿಯಾಗಿ, ಒಂದೂ ಚುಕ್ಕಿಯಿಲ್ಲದೆ, ಚೊಕ್ಕಟವಾಗಿಯೇ ಇರುತ್ತದೆ.